ಟೆಂಟಿನಿಂದ ಅಂಗೈಗೆ

ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ ಶುರುವಾಗುವುದು ‘ಆಧಾರಗಳು’ ಎಂಬ ಪಾಠದಿಂದ. ಶಾಸನ, ನಾಣ್ಯ, ಸ್ಮಾರಕ, ಗ್ರಂಥ, ಜನರ ಬಾಯಲ್ಲಿ ಉಳಿದುಬಂದ ಕಥೆ, ಇವುಗಳಿಲ್ಲದೆ ಇತಿಹಾಸ ಬರೆಯಲಾಗದು ಎಂದು ಮಕ್ಕಳಿಗೆ ಹೇಳಬೇಕು. ನಮ್ಮ ಕಡೆಯವರಿಗೆ ಈ ಪಾಠ ಮಾಡುವುದು ಅಂಥ ಕಷ್ಟವಲ್ಲ. ಕಿಟಕಿಯಾಚೆ ಮಧುಗಿರಿಯ ಏಕಶಿಲಾ ಬೆಟ್ಟ, ಅದರ ಮೈಮೇಲೆ ಸುತ್ತಿಕೊಂಡ ಕೋಟೆ. ಬಸ್ಸು ಹತ್ತಿದರೆ ಶಿರಾ. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು, ಅಲ್ಲಿ ಮಲಿಕ್ ರಿಹಾನನ ಗೋರಿ, ಜಾಮಿಯಾ ಮಸೀದಿ. ಆಧಾರಗಳು ಕಾಲಿಗೆ ಎಡವುತ್ತವೆ.

ಎರಡು ವರ್ಷದ ಹಿಂದೆ ಇದೇ ಪಾಠ ಮಾಡುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ನಮ್ಮ ಕಾಲದ ಇತಿಹಾಸ ಬರೆಯೋರು ನಮ್ಮ ಮೊಬೈಲ್ ತೆಗೆದು ನೋಡ್ತಾರಾ?” ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾರೋ ನೂರು ವರ್ಷದ ನಂತರ ನೋಡುವುದಿರಲಿ, ಈಗ ಆ ಮಗುವಿನ ಮೊಬೈಲಿನಲ್ಲಿ ಏನಿದೆ, ಅದನ್ನು ಹಿಡಿದಾಗ ಅವಳ ಮನಸ್ಸು ಹೇಗಿರುತ್ತದೆ, ಕೆಳಗಿಟ್ಟಾಗ ಹೇಗಿರುತ್ತದೆ ಎಂದು ನಾವು ಯಾರಾದರೂ ಕೇಳಿದ್ದೇವೆಯೆ? ಬೈದಿದ್ದೇವೆ, ಕಿತ್ತುಕೊಂಡಿದ್ದೇವೆ, ಪಾಲಕರ ಸಭೆಯಲ್ಲಿ ಉದ್ದುದ್ದ ಭಾಷಣ ಮಾಡಿದ್ದೇವೆ. ಕೇಳಿದ ನೆನಪಿಲ್ಲ.

ಹೀಗೆ ಕೇಳದಿರುವುದಕ್ಕೂ ಒಂದು ಇತಿಹಾಸವಿದೆ. ಅದನ್ನು ನಾನು ನಮ್ಮ ಮನೆಯಿಂದಲೇ ಶುರು ಮಾಡಬೇಕು.

ನಾನು ಹುಟ್ಟಿ ಬೆಳೆದದ್ದು ಕೊರಟಗೆರೆಯಲ್ಲಿ. ನಮ್ಮ ಮನೆಯಲ್ಲಿ ಮೊದಲು ಅಪವಾದ ಹೊತ್ತ ವಸ್ತು ಕಾದಂಬರಿ. ನಮ್ಮಮ್ಮ ಮದುವೆಗೆ ಮೊದಲು ತ್ರಿವೇಣಿಯವರ ಕಾದಂಬರಿಗಳನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟು ಓದುತ್ತಿದ್ದಳಂತೆ. ಪುಸ್ತಕ ಹಿಡಿದ ಹುಡುಗಿಗೆ ಒಲೆಯ ಮೇಲಿನ ಹಾಲು ಕಾಣಿಸುವುದಿಲ್ಲ ಎಂಬುದು ಅಜ್ಜಿಯ ದೂರು. ಹಾಲು ಉಕ್ಕಿದ್ದೂ ನಿಜವೇ. ಆದರೆ ಹುಡುಗಿ ಏನು ಓದಿ ಅತ್ತಳು, ಯಾಕೆ ಅತ್ತಳು ಎಂದು ಅಜ್ಜಿ ಕೇಳಲಿಲ್ಲ. ಕೇಳಿದ್ದರೆ ಅಮ್ಮ ಹೇಳುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು.

ತ್ರಿವೇಣಿ (1928–1963) ಮನಶ್ಶಾಸ್ತ್ರ ಓದಿಕೊಂಡಿದ್ದವರು. ಕನ್ನಡದ ಹೆಣ್ಣುಮಕ್ಕಳಿಗೆ ಮನಸ್ಸೂ ಒಂದು ಅಂಗ, ಅದಕ್ಕೂ ಕಾಯಿಲೆ ಬರುತ್ತದೆ, ಔಷಧ ಕೊಟ್ಟರೆ ವಾಸಿಯೂ ಆಗುತ್ತದೆ ಎಂದು ಅಡುಗೆಮನೆಯವರೆಗೆ ತಂದು ಹೇಳಿದವರು ಅವರು. ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನಸ್ಸು ಕೆಟ್ಟು ಆಸ್ಪತ್ರೆಗೆ ಹೋಗಿ, ಗುಣವಾಗಿ ಹಿಂದಿರುಗುತ್ತಾಳೆ. ಆದರೆ ಮನೆಯವರ ಕಣ್ಣಿನಲ್ಲಿ ಅವಳು ಗುಣವಾಗುವುದೇ ಇಲ್ಲ. 1970ರ ದಶಕದ ಮೊದಲಿನಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ, ಕಲ್ಪನಾ ಅಭಿನಯ ನೋಡಿ ಟೆಂಟಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡ ಹೆಂಗಸರೇ ಮನೆಗೆ ಬಂದು ಪಕ್ಕದ ಬೀದಿಯ ಸೊಸೆಯನ್ನು ‘ಆ ಹುಚ್ಚಿ’ ಎನ್ನುತ್ತಿದ್ದರು. ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ.

ಕಾದಂಬರಿಯ ನಂತರದ ಅಪರಾಧಿ ಟೆಂಟ್ ಸಿನಿಮಾ. ನಮ್ಮೂರಿನ ಟೆಂಟಿನಲ್ಲಿ ಸಂಜೆ ಮೈಕಿನಲ್ಲಿ ವೆಂಕಟೇಶನ ಹಾಡು ಬಂತೆಂದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಅರ್ಥ. ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ. ನೆಲದ ಟಿಕೆಟ್ಟಿನವರಿಗೆ ಮರಳು. ಆಗಲೂ ಇದ್ದದ್ದು ರೀಲೇ ನೋಡಿ! ಆದರೆ ಆ ರೀಲು ಮುಗಿಯುತ್ತಿತ್ತು. ಮುಗಿದಾಗ ಪ್ರೊಜೆಕ್ಟರಿನವನು ದೀಪ ಹಾಕುತ್ತಿದ್ದ. ಎಷ್ಟೇ ಆಸೆಯಿದ್ದರೂ ಎದ್ದು ಸೀರೆಯ ಮರಳು ಕೊಡವಿಕೊಂಡು ಮನೆಗೆ ನಡೆಯಬೇಕಿತ್ತು. ಹಳ್ಳಿಗಳಲ್ಲಿ ಸುಗ್ಗಿಯ ನಂತರ ಆಡುತ್ತಿದ್ದ ಪೌರಾಣಿಕ ನಾಟಕಗಳು ಬೆಳಗಿನವರೆಗೆ ನಡೆಯುತ್ತಿದ್ದವು. ಮಾರನೆಯ ದಿನ ತರಗತಿಯಲ್ಲಿ ಅರ್ಧ ಹುಡುಗರು ತೂಕಡಿಸುತ್ತಿದ್ದರೆಂದು ನನ್ನ ಗುರುಗಳು ಬೈಯುತ್ತಿದ್ದರು. ಆದರೆ ಭೀಮ ದುರ್ಯೋಧನನ ತೊಡೆ ಮುರಿದ ಮೇಲೆ ಮಂಗಳ ಹಾಡಲೇಬೇಕು. ಸೂರ್ಯ ಬಂದ ಮೇಲೆ ದುರ್ಯೋಧನನೂ ಬಣ್ಣ ಒರೆಸಿಕೊಂಡು ಹೊಲಕ್ಕೆ ಹೋಗುತ್ತಿದ್ದ.

ರೇಡಿಯೋ ಬಂದದ್ದರಲ್ಲಿ ಒಂದು ಸ್ವಾರಸ್ಯವಿದೆ. ಕನ್ನಡನಾಡಿಗೆ ಬಾನುಲಿಯನ್ನು ತಂದ ಎಂ.ವಿ. ಗೋಪಾಲಸ್ವಾಮಿಯವರು ಎಂಜಿನಿಯರ್ ಅಲ್ಲ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿಯೇ ನಿಲಯ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಮನಸ್ಸನ್ನು ಓದಿದವರೊಬ್ಬರು ಮನೆಮನೆಗೆ ಧ್ವನಿ ಕಳಿಸುವ ಯಂತ್ರವನ್ನು ಹುಡುಕಿಕೊಂಡು ಹೋದರು ಎಂಬುದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ನನ್ನ ಕಾಲಕ್ಕೆ ಟ್ರಾನ್ಸಿಸ್ಟರ್ ಬಂದಿತ್ತು. ನಮ್ಮಣ್ಣ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಕೋರಿಕೆಯ ಚಿತ್ರಗೀತೆ ಕೇಳುತ್ತಿದ್ದ. ರೇಡಿಯೋ ಕೇಳಿ ಕೇಳಿ ಪಿಯುಸಿಯಲ್ಲಿ ನಪಾಸಾದ ಎಂಬುದು ಅಪ್ಪನ ತೀರ್ಮಾನ. ಅವನಿಗೆ ಲೆಕ್ಕ ಅರ್ಥವಾಗುತ್ತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ, ಹಾಡು ಕೇಳಿದರೆ ಭಯ ಸ್ವಲ್ಪ ಹೊತ್ತು ಮರೆಯುತ್ತಿತ್ತು ಎಂದು ಅವನೇ ನನಗೆ ಹೇಳಿದ್ದು ಅರವತ್ತು ದಾಟಿದ ಮೇಲೆ. ಅಪ್ಪ ಆಗ ಇರಲಿಲ್ಲ. ಆ ರೇಡಿಯೋ ಕೂಡ ರಾತ್ರಿ ಹನ್ನೊಂದರ ಸುಮಾರಿಗೆ ತಾನೇ ಸುಮ್ಮನಾಗುತ್ತಿತ್ತು.

ಟೀವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. 1981ರಲ್ಲಿ ಬೆಂಗಳೂರು ದೂರದರ್ಶನ, 1987ರ ಜನವರಿಯಿಂದ ಭಾನುವಾರದ ‘ರಾಮಾಯಣ’, ಟೀವಿ ಇದ್ದ ಒಂದು ಮನೆಯಲ್ಲಿ ಬೀದಿಯ ನಲವತ್ತು ಜನ. ಭಾನುವಾರದ ಸಾರು ಕೆಟ್ಟಿತು ಎಂಬುದನ್ನು ಬಿಟ್ಟರೆ ದೊಡ್ಡ ಅನಾಹುತ ಆದಂತೆ ಕಾಣೆ. ಧಾರಾವಾಹಿಗಳ ಕಾಲ ಆಮೇಲೆ ಬಂತು, ಅದರಲ್ಲಿ ನಾವೇ ಅಪರಾಧಿಗಳಾದ್ದರಿಂದ ಮಕ್ಕಳನ್ನು ಬೈಯುವ ಬಾಯಿ ಸ್ವಲ್ಪ ಕಟ್ಟಿತ್ತು.

ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಎರಡು ಸಂಗತಿ ಕಾಣುತ್ತವೆ. ಹಿರಿಯರು ಪ್ರತಿ ಸಲವೂ ವಸ್ತುವನ್ನು ಬೈದರು, ಮನಸ್ಸನ್ನು ಕೇಳಲಿಲ್ಲ. ಆದರೂ ಅದು ಹೇಗೋ ನಡೆದುಹೋಯಿತು. ಯಾಕೆಂದರೆ ಎಲ್ಲಕ್ಕೂ ಒಂದು ಕೊನೆಯಿತ್ತು, ಆ ಕೊನೆಯನ್ನು ಬೇರೆ ಯಾರೋ ಹಾಕುತ್ತಿದ್ದರು. ಟೆಂಟಿನವನು ದೀಪ ಹಾಕುತ್ತಿದ್ದ, ಆಕಾಶವಾಣಿಯವರು ನಮಸ್ಕಾರ ಹೇಳುತ್ತಿದ್ದರು, ಕಾದಂಬರಿಯ ಕಡೆಯ ಪುಟ ಬರುತ್ತಿತ್ತು. ಎದ್ದು ಹೋಗುವ ನಿರ್ಧಾರವನ್ನು ಹದಿನಾಲ್ಕು ವರ್ಷದ ಮಗು ಒಂಟಿಯಾಗಿ ಮಾಡಬೇಕಾಗಿರಲಿಲ್ಲ.

ಮೊಬೈಲಿಗೆ ಆ ಕೊನೆಯಿಲ್ಲ. ಬೆರಳಿನಿಂದ ತಳ್ಳಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ಏರ್ಪಾಡನ್ನು 2006ರಲ್ಲಿ ರೂಪಿಸಿದವನು ಅಜಾ ರಸ್ಕಿನ್ ಎಂಬ ಅಮೆರಿಕದ ತಂತ್ರಜ್ಞ. ಜನರ ಸಮಯವನ್ನು ತಾನು ಹೀಗೆ ತಿಂದುಹಾಕಿದ್ದಕ್ಕೆ ಆಮೇಲೆ ಅವನೇ ಪಶ್ಚಾತ್ತಾಪ ಪಟ್ಟ. ಪುಟ ತಿರುಗಿಸುವ ಶ್ರಮವನ್ನು ಉಳಿಸಲು ಹೋಗಿ, ಪುಟ ಮುಗಿಯಿತೆಂಬ ಗುರುತನ್ನೇ ಅಳಿಸಿಬಿಟ್ಟ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದು ಬಂದದ್ದು ಬಹಳ ಬೇಗ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ನಾಲ್ಕರಲ್ಲೂ ನಾನು ಪಾಠ ಮಾಡಿದ್ದೇನೆ, ಅದರಲ್ಲಿ ಪಾವಗಡ ತಾಲ್ಲೂಕಿನಲ್ಲೇ ಹೆಚ್ಚು ವರ್ಷ. ಮಳೆಯಿಲ್ಲದ ನಾಡು, ಫ್ಲೋರೈಡ್ ನೀರು, ಆಂಧ್ರದ ನಡುವೆ ಚಾಚಿಕೊಂಡ ನೆಲ, ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳು. ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಬಂತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ ಎಂದು ಗೊತ್ತಾಗಿತ್ತು. ಸರಿಸುಮಾರು ಅದೇ ಸಮಯದಲ್ಲಿ, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಇಂಟರ್‌ನೆಟ್ ಮೊದಲು ಪುಕ್ಕಟೆಯಾಗಿ, ಆಮೇಲೆ ಅಗ್ಗವಾಗಿ ಸಿಕ್ಕಿತು. ಕುಡಿಯುವ ನೀರಿಗೆ ಕ್ಯಾನು ಹಿಡಿದು ನಿಲ್ಲುವ ಊರಿನಲ್ಲಿ ಡೇಟಾ ಮಾತ್ರ ಧಾರಾಳ.

ಆದರೂ ಆಗ ಮೊಬೈಲು ದೊಡ್ಡವರ ವಸ್ತುವಾಗಿತ್ತು. ಮಕ್ಕಳ ಕೈಗೆ ಅದನ್ನು ಕೊಟ್ಟವರು ನಾವು, ಮೇಷ್ಟ್ರುಗಳು. ಇದನ್ನು ಮರೆಯಬಾರದು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜೂನ್‌ನಲ್ಲಿ ಸರ್ಕಾರ ಏಳನೆಯ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡ ಎಂದಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಚಂದನದಲ್ಲಿ ‘ಸೇತುಬಂಧ’ ಪಾಠಗಳು ಬಂದವು. ಆಮೇಲೆ ‘ವಿದ್ಯಾಗಮ’. ಮನೆಯಲ್ಲಿ ಸ್ಮಾರ್ಟ್ ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ನಾವೇ ಪಟ್ಟಿ ಮಾಡಿದೆವು. ಆಗ ಶಿರಾ ತಾಲ್ಲೂಕಿನಲ್ಲಿದ್ದ ನಾನು ಮನೆಮನೆಗೆ ಹೋಗಿ, “ಹೆಂಗಾದ್ರೂ ಮಾಡಿ ಒಂದು ಫೋನ್ ಕೊಡಿಸಿ, ಮಗು ಓದು ನಿಂತುಹೋಗುತ್ತೆ” ಎಂದು ಹೇಳಿ ಬಂದವಳು. ಕುರಿ ಮಾರಿ ಫೋನ್ ತಂದವರಿದ್ದಾರೆ. ಅದೇ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂದವು. ನಾನು ಕಳಿಸಿದ ‘ಮೈಸೂರು ಒಡೆಯರು’ ಪಾಠದ ವಿಡಿಯೋದ ಪಕ್ಕದಲ್ಲೇ ಅವೆಲ್ಲ ಕಾದು ಕುಳಿತಿದ್ದವು. ಪಾಪ, ಒಡೆಯರು ಎಲ್ಲಿ ಗೆಲ್ಲಬೇಕು!

2021ರ ಆಗಸ್ಟ್‌ನಲ್ಲಿ ಪ್ರೌಢಶಾಲೆಗಳು ಮತ್ತೆ ತೆರೆದಾಗ ಬಂದ ಮಕ್ಕಳು ನಾವು ಕಳಿಸಿಕೊಟ್ಟ ಮಕ್ಕಳಾಗಿರಲಿಲ್ಲ. ಮಾತು ಕಡಿಮೆ. ಬೆಳಿಗ್ಗೆ ಹತ್ತು ಗಂಟೆಗೇ ಕಣ್ಣು ಕೆಂಪು. ಆಟದ ಪೀರಿಯಡ್ಡಿನಲ್ಲಿ ಗೋಡೆಗೊರಗಿ ನಿಲ್ಲುತ್ತಿದ್ದರು. ನಾವು ಮಾಡಿದ ಮೊದಲ ಕೆಲಸವೆಂದರೆ ಬ್ಯಾಗು ತಪಾಸಣೆ.

ಈಗ ಹೇಳುವ ಸಂಗತಿಯನ್ನು ನಾನು ಎಲ್ಲಿಯೂ ಬರೆದವಳಲ್ಲ. ಆ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಬ್ಯಾಗಿನಲ್ಲಿ ಫೋನ್ ಸಿಕ್ಕಿತು. ಓದುವ ಹುಡುಗಿ, ಆದರೆ ತಿಂಗಳಿಂದ ಮಂಕಾಗಿದ್ದಳು. ನಾನು ಇಡೀ ತರಗತಿಯ ಮುಂದೆ ಅವಳನ್ನು ನಿಲ್ಲಿಸಿ, ರಾತ್ರಿ ಯಾರ ಜೊತೆ ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಅದು ಪ್ರಶ್ನೆಯಾಗಿರಲಿಲ್ಲ, ಬೈಗುಳವಾಗಿತ್ತು. ಫೋನನ್ನು ಬೀರುವಿನಲ್ಲಿಟ್ಟು ತಂದೆಯನ್ನು ಕರೆಸಿದೆ. ನನಗೆ ಆ ದಿನ ಕರ್ತವ್ಯ ಮಾಡಿದ ತೃಪ್ತಿ. ತಂದೆ ಫೋನನ್ನು ಅಂಗಳದಲ್ಲೇ ಕಲ್ಲಿಗೆ ಬಡಿದು ಒಡೆದ. ಹುಡುಗಿ ಶಾಲೆಗೆ ಬರುವುದು ನಿಂತಿತು. ಮೂರು ವಾರದ ಮೇಲೆ ಅಂಗನವಾಡಿಯ ಕಾರ್ಯಕರ್ತೆ ಬಂದು, “ಮೇಡಂ, ಆ ಹುಡುಗಿಗೆ ಗಂಡು ನೋಡ್ತಾವ್ರೆ” ಎಂದಾಗ ನನ್ನ ಕೈಕಾಲು ತಣ್ಣಗಾಯಿತು. ಹದಿನೈದು ತುಂಬದ ಮಗು. ನಾವಿಬ್ಬರೂ ಹೋದೆವು. ಹದಿನೆಂಟಾಗದೆ ಮದುವೆ ಮಾಡಿದರೆ ಕೇಸಾಗುತ್ತದೆ, 1098ಕ್ಕೆ ಒಂದು ಕರೆ ಸಾಕು ಎಂದು ಕಾರ್ಯಕರ್ತೆ ತಂದೆಗೆ ಖಡಾಖಂಡಿತವಾಗಿ ಹೇಳಿದಳು. ನಾನು ಹಿಂದಿನ ಕೋಣೆಯಲ್ಲಿ ಹುಡುಗಿಯ ಬಳಿ ಕುಳಿತೆ. ಮನೆಯಲ್ಲಿ ಅಪ್ಪ ಕುಡಿದು ಬಂದು ಅಮ್ಮನನ್ನು ಹೊಡೆಯುವ ರಾತ್ರಿಗಳಲ್ಲಿ ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ವಿಡಿಯೋ ನೋಡುತ್ತಿದ್ದಳು, ಗಲಾಟೆ ಕೇಳಿಸಬಾರದೆಂದು. “ನೀವು ಒಂದ್ಸಲ ಪಕ್ಕಕ್ಕೆ ಕರೆದು ಕೇಳಿದ್ರೆ ಹೇಳ್ತಿದ್ದೆ ಮಿಸ್” ಎಂದಳು.

ಮದುವೆ ನಿಂತಿತು. ಎರಡು ತಿಂಗಳ ಮೇಲೆ ಹುಡುಗಿ ಶಾಲೆಗೆ ಬಂದಳು, ಎಸ್ಸೆಸ್ಸೆಲ್ಸಿ ಪಾಸೂ ಮಾಡಿದಳು. ಆದರೆ ನನ್ನ ತರಗತಿಯಲ್ಲಿ ಕೊನೆಯವರೆಗೂ ತಲೆಯೆತ್ತಿ ನನ್ನನ್ನು ನೋಡಲಿಲ್ಲ.

ಆಮೇಲೆ ನಾನು ಓದತೊಡಗಿದೆ, ಗೊತ್ತಿದ್ದವರನ್ನು ಕೇಳತೊಡಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕಾಗಿ ಒಂದು ಚಿಕಿತ್ಸಾಲಯವಿದೆ, ಷಟ್ ಕ್ಲಿನಿಕ್ ಎಂದು. ಅದನ್ನು ಕಟ್ಟಿದವರು ಡಾ. ಮನೋಜ್ ಕುಮಾರ್ ಶರ್ಮ. ಹೆಸರು ಕೇಳಿದರೆ ‘ಮುಚ್ಚು’ ಎಂದಂತಿದೆ, ಆದರೆ ಆ ಅಕ್ಷರಗಳನ್ನು ಬಿಡಿಸಿದರೆ ಬರುವ ಅರ್ಥ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಇರುವ ಸೇವೆ ಎಂದು. ಬಿಡಿಸುವುದಲ್ಲ, ಬಳಸುವುದನ್ನು ಕಲಿಸುವುದು. ವಿಶ್ವ ಆರೋಗ್ಯ ಸಂಸ್ಥೆ ಮೊಬೈಲ್ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿ ಅದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಅಲ್ಲಿಯೂ ಗಂಟೆಯ ಲೆಕ್ಕ ಇಟ್ಟಿಲ್ಲ ಎಂಬುದು ನನಗೆ ಹೊಸ ವಿಷಯವಾಗಿತ್ತು. ಆಟದ ಮೇಲೆ ಹಿಡಿತ ತಪ್ಪಿದೆಯೆ, ಊಟ ನಿದ್ರೆ ಓದಿಗಿಂತ ಅದೇ ಮುಂದಾಗಿದೆಯೆ, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ನಡೆದೇ ಇದೆಯೆ, ಹೀಗೆ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಆಗಿದೆಯೆ ಎಂದು ನೋಡುತ್ತಾರೆ. ನಾವು ಫೋನ್ ಮುಟ್ಟಿದ ಮಗುವಿಗೆಲ್ಲ ‘ಅಡಿಕ್ಟ್’ ಎಂದು ಹಣೆಪಟ್ಟಿ ಹಚ್ಚುತ್ತೇವಲ್ಲ, ಅದು ತಪ್ಪು.

ಮಧುಗಿರಿಗೆ ವರ್ಗವಾಗಿ ಬಂದ ಮೇಲೆ, ಆ ಮೂರನೆಯ ಬೆಂಚಿನ ಹುಡುಗಿಯ ಪ್ರಶ್ನೆಯ ಮಾರನೆಯ ದಿನ, ಮಕ್ಕಳಿಗೆ ಹೇಳಿದೆ: “ಇತಿಹಾಸಕ್ಕೆ ಆಧಾರ ಬೇಕು ಅಂದೆವಲ್ಲ, ನಿಮ್ಮ ಒಂದು ವಾರದ ಇತಿಹಾಸವನ್ನು ನೀವೇ ಬರೆಯಿರಿ.” ನಲವತ್ತು ಪುಟದ ಒಂದು ನೋಟ್‌ಬುಕ್. ಫೋನ್ ತೆಗೆದುಕೊಂಡದ್ದು ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಮನಸ್ಸು ಹೇಗಿತ್ತು, ಏನು ನೋಡಿದೆ, ಇಟ್ಟ ಮೇಲೆ ಮನಸ್ಸು ಹೇಗಿದೆ. ಅಷ್ಟೇ. ನಾನು ಅಂಕ ಕೊಡುವುದಿಲ್ಲ, ಮನೆಯವರಿಗೆ ತೋರಿಸುವುದಿಲ್ಲ, ಬೇಡವೆಂದರೆ ನನಗೂ ತೋರಿಸಬೇಡಿ ಎಂದೆ. ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನು ಸುಮ್ಮನಿರುವುದಿಲ್ಲ ಎಂಬುದನ್ನೂ ಮೊದಲೇ ಹೇಳಿದೆ. ಫೋನಿಲ್ಲದ ಮಕ್ಕಳು ಟೀವಿಯದೋ ಆಟದ್ದೋ ಬರೆದರು.

ಮೊದಲ ಎರಡು ದಿನ ಎಲ್ಲರೂ ‘ಮನಸ್ಸು ಚೆನ್ನಾಗಿತ್ತು’ ಎಂದು ಬರೆದರು. ಪರೀಕ್ಷೆಯ ಉತ್ತರದ ಹಾಗೆ. ಚೆನ್ನಾಗಿತ್ತು, ಬೇಜಾರಾಗಿತ್ತು ಎಂಬ ಎರಡೇ ಪದ ಅವರ ಬಳಿ ಇದ್ದದ್ದು. ಹಾಗಾಗಿ ಒಂದು ಪೀರಿಯಡ್ಡು ಪದ ಹುಡುಕುವುದಕ್ಕೇ ಹೋಯಿತು. ಕಸಿವಿಸಿ, ಹೊಟ್ಟೆಕಿಚ್ಚು, ಅಳುಕು, ತಳಮಳ, ಉರಿ, ಬಿಕೋ ಅನ್ನಿಸುವುದು, ಹಗುರ ಅನ್ನಿಸುವುದು. ಒಬ್ಬ ಹುಡುಗ ‘ಸಪ್ಪೆ’ ಎಂದ. ಉಪ್ಪಿಲ್ಲದ ಸಾರಿನ ಹಾಗೆ ಎಂದು ಅವನೇ ವಿವರಿಸಿದ. ಬೋರ್ಡು ತುಂಬಿತು. ಆಮೇಲೆ ನೋಟ್‌ಬುಕ್ಕುಗಳು ಮಾತಾಡತೊಡಗಿದವು.

ಹುಡುಗಿಯೊಬ್ಬಳು ನಾಲ್ಕು ದಿನದ್ದು ಬರೆದು ತಾನೇ ಕಂಡುಕೊಂಡಳು: ಹಾಡಿನ ವಿಡಿಯೋ ನೋಡಿದ ದಿನ ಹಗುರ, ಚಿಕ್ಕಪ್ಪನ ಮಗಳು ಬೆಂಗಳೂರಿನಲ್ಲಿ ಹಾಕುವ ಫೋಟೋ ನೋಡಿದ ದಿನ ಉರಿ. ಫೋನು ಒಂದೇ, ಮನಸ್ಸು ಎರಡು. ಬೆಟ್ಟ ಹತ್ತಿ ವಿಡಿಯೋ ಮಾಡಿ ಹಾಕುವ ಒಬ್ಬ ಹುಡುಗ, ಹತ್ತುವಾಗ ಖುಷಿ, ಹಾಕಿದ ಮೇಲೆ ಎಷ್ಟು ಜನ ನೋಡಿದರೆಂದು ರಾತ್ರಿಯೆಲ್ಲ ತೆಗೆದು ತೆಗೆದು ನೋಡುವಾಗ ಅಳುಕು ಎಂದು ಬರೆದ. ಹತ್ತುವುದನ್ನು ಬಿಡುವುದಿಲ್ಲ, ಹಾಕುವುದು ಭಾನುವಾರ ಬೆಳಿಗ್ಗೆ ಮಾತ್ರ ಎಂಬುದು ಅವನದೇ ತೀರ್ಮಾನ. ಎರಡು ವಾರ ನಡೆಸಿದ, ಮೂರನೆಯ ವಾರ ತಪ್ಪಿದ, ಮತ್ತೆ ಹಿಡಿದ. ಅಷ್ಟಾದರೆ ಸಾಕು. ಕೆಲವರು ಏನನ್ನೂ ಬರೆಯಲಿಲ್ಲ. ಇಬ್ಬರು ಒಬ್ಬರದನ್ನೊಬ್ಬರು ನೋಡಿ ಬರೆದರು, ಇಬ್ಬರ ಮನಸ್ಸೂ ಪ್ರತಿದಿನ ಒಂದೇ ಸಮಯಕ್ಕೆ ಕೆಡುತ್ತಿತ್ತು!

ಮಕ್ಕಳಿಗೆ ಬರೆಯಲು ಹೇಳಿ ನಾನು ಸುಮ್ಮನಿರುವುದು ನ್ಯಾಯವಲ್ಲವೆಂದು ನಾನೂ ಒಂದು ನೋಟ್‌ಬುಕ್ ತಂದೆ. ನಾಚಿಕೆಯಾಯಿತು. ಬೆಳಿಗ್ಗೆ ಹಾಲು ಕಾಯಲು ಇಟ್ಟು ಫೋನ್ ತೆಗೆಯುತ್ತೇನೆ. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಓರಗಿತ್ತಿಯ ಮೊಮ್ಮಗು ಅಮೆರಿಕದಲ್ಲಿ ಕುಣಿಯುತ್ತಿರುತ್ತದೆ. ನನ್ನ ಮಗ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಮೊದಲು: ಶಾಂತ. ನಂತರ: ಕಸಿವಿಸಿ. ಹಾಲು ಉಕ್ಕಿ ಒಲೆಯೆಲ್ಲ ಹರಿದಿರುತ್ತದೆ. ಅಜ್ಜಿ ಇದ್ದಿದ್ದರೆ ನಗುತ್ತಿದ್ದಳು. ಇದನ್ನು ತರಗತಿಯಲ್ಲಿ ಓದಿ ಹೇಳಿದೆ. ಮಕ್ಕಳು ನನ್ನನ್ನು ನಂಬಿದ್ದು ಆ ದಿನದಿಂದ ಇರಬೇಕು.

ಆದರೆ ನೋಟ್‌ಬುಕ್ ಎಲ್ಲಕ್ಕೂ ಮದ್ದಲ್ಲ. ಒಬ್ಬಳ ಪುಟಗಳಲ್ಲಿ ಫೋನ್ ಹಿಡಿಯುವ ಮೊದಲೂ ‘ಏನೂ ಬೇಡ’, ನಂತರವೂ ‘ಏನೂ ಬೇಡ’. ಹನ್ನೆರಡು ದಿನ ಅದೇ. ಊಟ ಸೇರುತ್ತಿರಲಿಲ್ಲ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ, ಹೊತ್ತು ಹೋಗಲೆಂದು ಫೋನ್. ಇಲ್ಲಿ ಫೋನು ರೋಗವಲ್ಲ, ಬೇರೆ ರೋಗದ ಗುರುತು. ಅವಳಿಗೆ ಹೇಳಿಯೇ ತಾಯಿಯನ್ನು ಕರೆಸಿದೆ, ಈ ಸಲ ತರಗತಿಯ ಮುಂದೆ ಅಲ್ಲ, ಹುಣಸೆಮರದ ಕೆಳಗೆ. ಆ ತಾಯಿ ಮೊದಲು ಹೇಳಿದ ಮಾತು, “ಹುಚ್ಚಾಸ್ಪತ್ರೆ ಅಂತ ಗೊತ್ತಾದ್ರೆ ನಾಳೆ ಇವಳನ್ನ ಯಾರು ಮಾಡ್ಕೋತಾರೆ ಮೇಡಂ?” ಕಾವೇರಿಯ ಕಥೆ ಬರೆದು ಅರವತ್ತು ವರ್ಷದ ಮೇಲಾಯಿತು. ನಾನು ಫೋನಿನಲ್ಲೇ 14416 ಹಚ್ಚಿ ಕೊಟ್ಟೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ಕಡೆಯಿಂದ ಬಂದ ಹೆಣ್ಣುಧ್ವನಿ ಅರ್ಧ ಗಂಟೆ ತಾಯಿಯೊಡನೆ ಮಾತಾಡಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಏರ್ಪಾಡು ನಮ್ಮ ರಾಜ್ಯದಲ್ಲಿ 2014ರಲ್ಲೇ ಶುರುವಾಗಿತ್ತು. ತಾಯಿ ಮಗಳು ಸಂತೆಗೆ ಹೋಗುವವರ ಹಾಗೆ ಕೈಚೀಲ ಹಿಡಿದು ಆಸ್ಪತ್ರೆಗೆ ಹೋದರು. ಈಗ ಹುಡುಗಿ ಊಟ ಮಾಡುತ್ತಾಳೆ. ಮಾತು ಇನ್ನೂ ಕಡಿಮೆಯೇ.

ಮೊಬೈಲನ್ನು ನಿಲ್ಲಿಸುವ ಗಂಟೆಯನ್ನು ಹೊರಗಿನಿಂದಲೇ ಬಾರಿಸಿದರಾಗದೆ ಎಂದು ನೀವು ಕೇಳಬಹುದು. ಬಾರಿಸಿ ನೋಡಿದವರಿದ್ದಾರೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು 2022ರಲ್ಲಿ ಸಂಜೆ ಏಳಕ್ಕೆ ಗುಡಿಯ ಸೈರನ್ ಕೂಗಿಸಿ, ಎಂಟೂವರೆಯವರೆಗೆ ಟೀವಿ ಮೊಬೈಲು ಎರಡನ್ನೂ ಆರಿಸಿಡುವ ಪದ್ಧತಿ ಮಾಡಿಕೊಂಡರು. ಆಸ್ಟ್ರೇಲಿಯಾ ದೇಶ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಕೊಡುವಂತಿಲ್ಲವೆಂದು ಕಾಯಿದೆಯನ್ನೇ ಜಾರಿ ಮಾಡಿತು. ಸಾಂಗ್ಲಿಯ ಸೈರನ್ ನನಗೆ ಹೆಚ್ಚು ಹಿಡಿಸಿತು, ಯಾಕೆಂದರೆ ಅದು ದೊಡ್ಡವರ ಫೋನನ್ನೂ ಆರಿಸುತ್ತದೆ. ಆದರೆ ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಶಿರಾದ ಹುಡುಗಿಗೆ ಏಳು ಗಂಟೆಯ ಸೈರನ್ ಏನು ಮಾಡುತ್ತಿತ್ತು? ಗಲಾಟೆ ಶುರುವಾಗುತ್ತಿದ್ದದ್ದು ಹತ್ತಕ್ಕೆ.

ಪಾವಗಡ ತಾಲ್ಲೂಕಿನಲ್ಲಿ ಇನ್ನೂ ಪಾಠ ಮಾಡುತ್ತಿರುವ ನನ್ನ ಹಳೆಯ ಸಹೋದ್ಯೋಗಿ ಈ ನೋಟ್‌ಬುಕ್ಕಿನ ವಿಷಯ ಕೇಳಿ ತನ್ನ ಶಾಲೆಯಲ್ಲೂ ಮಾಡಿಸಿದಳು. ಅಲ್ಲಿಯ ಎಷ್ಟೋ ಮಕ್ಕಳ ತಂದೆತಾಯಿ ಬೆಂಗಳೂರಿನ ಗಾರ್ಮೆಂಟ್ಸಿನಲ್ಲೋ ಕಟ್ಟಡದ ಕೆಲಸದಲ್ಲೋ ಇದ್ದಾರೆ, ಮಕ್ಕಳು ಅಜ್ಜಿಯರ ಬಳಿ. ಒಬ್ಬ ಹುಡುಗನ ಪುಟಗಳನ್ನು ಅವನನ್ನು ಕೇಳಿ, ಹೆಸರು ಮುಚ್ಚಿ, ನನಗೆ ತೋರಿಸಿದಳು. ದಿನಾ ಏಳರಿಂದ ಒಂಬತ್ತೂವರೆಯವರೆಗೆ ಶಾರ್ಟ್ಸ್. ಮೊದಲು: ಕಾಯೋದು. ನಂತರ: ಕಾಯೋದು. ಅಮ್ಮ ಒಂಬತ್ತೂವರೆಗೆ ವಿಡಿಯೋ ಕಾಲ್ ಮಾಡುತ್ತಾಳೆ, ಫೋನ್ ಕೈಯಲ್ಲಿಲ್ಲದಿದ್ದರೆ ತಪ್ಪಿಹೋದೀತೆಂಬ ಭಯ. ಅವಳ ದನಿ ಕೇಳುವ ಹೊತ್ತಿಗೆ ಅವನಿಗೆ ಕಣ್ಣು ಉರಿ, ನಿದ್ದೆ, ಮಾತು ಬರುವುದಿಲ್ಲ. ಮಗ ಮಾತೇ ಆಡುವುದಿಲ್ಲವೆಂದು ಅಲ್ಲಿ ಅವಳೂ ಅಳುತ್ತಾಳಂತೆ. ಶಾಲೆಯ ಶಿಸ್ತಿನ ಕಣ್ಣಿನಿಂದ ನೋಡಿದರೆ ಇವನು ದಿನಕ್ಕೆ ಎರಡೂವರೆ ಗಂಟೆ ಮೊಬೈಲ್ ನೋಡುವ ಹುಡುಗ, ಫೋನ್ ಕಿತ್ತುಕೊಳ್ಳಬೇಕಾದವನು.

ನನ್ನ ಗೆಳತಿ ಆ ತಾಯಿಗೆ ಫೋನ್ ಮಾಡಿದಳು. ಅಡುಗೆ ಊಟ ಮುಗಿಸಿ, ಪಾತ್ರೆ ತೊಳೆದು, ಆಮೇಲೆ ಸಮಾಧಾನವಾಗಿ ಮಾತಾಡೋಣವೆಂದು ಅವಳು ಅಷ್ಟು ಹೊತ್ತು ಮಾಡುತ್ತಿದ್ದಳು. ಈಗ ಏಳೂವರೆಗೇ ಕರೆಯುತ್ತಾಳೆ. ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿಟ್ಟು ಅಡುಗೆ ಮಾಡುತ್ತಾಳೆ, ಇವನು ಈ ಕಡೆ ಫೋನನ್ನು ಗೋಡೆಗೆ ಒರಗಿಸಿ ಲೆಕ್ಕ ಮಾಡುತ್ತಾನೆ. ಮಾತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಳೆದ ತಿಂಗಳು ಬಂದ ಪುಟದಲ್ಲಿ ಹೀಗಿತ್ತು: ‘ಅಮ್ಮ ಹುರುಳಿಕಾಳು ಸಾರು ಮಾಡಿದಳು. ನಾನು ಐದು ಲೆಕ್ಕ ಮಾಡಿದೆ. ಒಂದು ತಪ್ಪು. ಎಂಟೂವರೆಗೆ ಫೋನ್ ಅಜ್ಜಿಗೆ ಕೊಟ್ಟೆ. ಅಜ್ಜಿ ಭಜನೆ ನೋಡ್ತಾ ಕೂತವ್ಳೆ, ಇನ್ನೂ ಕೊಟ್ಟಿಲ್ಲ.’